ಶ್ರೀರಂಗಪಟ್ಟಣದಲ್ಲಿ ಹೋದ ಮೂಗು, ಫ್ರಾನ್ಸಿನಲ್ಲಿ ಬಂದ ಮುಖ

1794ರ ಅಕ್ಟೋಬರ್ ತಿಂಗಳಲ್ಲಿ ಲಂಡನ್ನಿನ ‘ಜಂಟಲ್‌ಮನ್ಸ್ ಮ್ಯಾಗಜಿನ್’ ಒಂದು ಪತ್ರವನ್ನೂ ಒಂದು ಚಿತ್ರವನ್ನೂ ಅಚ್ಚು ಮಾಡಿತು. ಪತ್ರ ಬರೆದವರು ‘ಬಿ.ಎಲ್.’ ಎಂಬ ಎರಡಕ್ಷರದ ಹಿಂದೆ ಅಡಗಿದ್ದರು. ಚಿತ್ರದಲ್ಲಿದ್ದವನು ಮಾತ್ರ ಎದುರಿಗೇ ನೋಡುತ್ತಿದ್ದ. ಹಣೆಯ ಮೇಲೆ ಚರ್ಮ ಎತ್ತಿದ ಗುರುತು, ಅದರ ಕೆಳಗೆ ಹೊಚ್ಚ ಹೊಸ ಮೂಗು. ಹೆಸರು ಕಾವಸ್‌ಜಿ, ವೃತ್ತಿ, ಸೇನೆಯ ಎತ್ತುಗಳನ್ನು ಹೊಡೆಯುವುದು. ಹೆಸರು ಕೇಳಿದರೆ ಪಾರ್ಸಿ ಇರಬೇಕು ಅನ್ನಿಸುತ್ತದೆ, ಪತ್ರ ಅವನನ್ನು ಮರಾಠನೆಂದು ಕರೆಯುತ್ತದೆ. ಆಧುನಿಕ ಪ್ಲಾಸ್ಟಿಕ್ ಸರ್ಜರಿಯ ಇತಿಹಾಸವನ್ನು ಯಾವ ದೇಶದವರು ಬರೆದರೂ ಈ ಗಾಡಿಯಾಳಿನ ಚಿತ್ರವನ್ನು ಬಿಟ್ಟು ಮುಂದೆ ಹೋಗುವುದಿಲ್ಲ. ಆ ಇತಿಹಾಸದ ಮೊದಲ ಪುಟ ತೆರೆದುಕೊಂಡದ್ದು ನಮ್ಮ ಕಾವೇರಿಯ ದಡದಲ್ಲಿ, ಶ್ರೀರಂಗಪಟ್ಟಣದ ಕೋಟೆಯ ಆಸುಪಾಸಿನಲ್ಲಿ. ಇಂದು ಮೃತರ ಮುಖವನ್ನೇ ಜೀವಂತರಿಗೆ ಜೋಡಿಸುವ ಮುಖ ಕಸಿಯ ಅದ್ಭುತವನ್ನೂ ಅದರ ಅಪಾಯವನ್ನೂ ಸರಿಯಾಗಿ ತೂಗಬೇಕಾದರೆ ಇಲ್ಲಿಂದಲೇ ಹೊರಡುವುದು ಒಳ್ಳೆಯದು.

ಅದು ಮೂರನೆಯ ಮೈಸೂರು ಯುದ್ಧದ ಕಾಲ. 1791ರ ಮೇ ತಿಂಗಳಲ್ಲಿ ಲಾರ್ಡ್ ಕಾರ್ನ್‌ವಾಲಿಸ್ ಅರಕೆರೆಯ ಬಳಿ ಗೆದ್ದೂ ಹಿಂದಿರುಗಬೇಕಾಯಿತು. ಕಾರಣ ಫಿರಂಗಿಯಲ್ಲ, ಎತ್ತು. ಮಳೆ, ರೋಗ, ಮೇವಿನ ಕೊರತೆಯಿಂದ ಎತ್ತುಗಳು ಸಾಲುಸಾಲಾಗಿ ಸತ್ತವು. ಎಳೆಯುವವರಿಲ್ಲದ ದೊಡ್ಡ ತೋಪುಗಳನ್ನು ಅವನು ತಾನೇ ನಾಶಮಾಡಿ ಹೊರಟ. ಮರುವರ್ಷ ಫೆಬ್ರವರಿ 5ರಂದು ಮತ್ತೆ ಬಂದು ಬೀಡುಬಿಟ್ಟದ್ದು ಇಂದಿನ ಪಾಂಡವಪುರದಲ್ಲಿ. ಇಂಗ್ಲಿಷರ ಕಾಗದಪತ್ರಗಳಲ್ಲಿ ಆ ಊರು ‘ಫ್ರೆಂಚ್ ರಾಕ್ಸ್’. ಮರುದಿನ ರಾತ್ರಿಯೇ ಶ್ರೀರಂಗಪಟ್ಟಣ ದ್ವೀಪದ ಮೇಲೆ ದಾಳಿ, ಮಾರ್ಚ್ ತಿಂಗಳಲ್ಲಿ ಒಪ್ಪಂದ, ಟಿಪ್ಪುವಿನ ಅರ್ಧ ರಾಜ್ಯ ಕೈಬಿಟ್ಟದ್ದು, ಇವೆಲ್ಲ ಶಾಲೆಯ ಪಾಠದಲ್ಲಿವೆ. ಪಾಠದಲ್ಲಿ ಇಲ್ಲದವರು ಎತ್ತು ಹೊಡೆಯುವವರು. ಇಂದಿಗೂ ಬೇಬಿಬೆಟ್ಟದ ಜಾತ್ರೆಯಲ್ಲಿ, ಕೆ.ಆರ್. ಪೇಟೆಯ ಹೇಮಗಿರಿ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಯ ಹಲ್ಲು ನೋಡಿ ಬೆಲೆ ಕಟ್ಟುವ ರೈತರಿಗೆ ಹೇಳಬೇಕಾಗಿಲ್ಲ: ಎತ್ತು ನಿಂತರೆ ದಂಡು ನಿಲ್ಲುತ್ತದೆ. ಆದ್ದರಿಂದಲೇ ಸೇನೆಯ ಸರಬರಾಜನ್ನು ಕಡಿಯಹೊರಟವರ ಮೊದಲ ಗುರಿ ಗಾಡಿಯಾಳು.

ಪತ್ರದ ಪ್ರಕಾರ ಕಾವಸ್‌ಜಿ ಇಂಗ್ಲಿಷರ ಸೇನೆಯಲ್ಲಿದ್ದು ಟಿಪ್ಪುವಿನವರ ಸೆರೆಯಾದ. ಅವನ ಮೂಗನ್ನೂ ಒಂದು ಕೈಯನ್ನೂ ಕತ್ತರಿಸಲಾಯಿತು. ಆ ಸ್ಥಿತಿಯಲ್ಲೇ ಅವನು ಶ್ರೀರಂಗಪಟ್ಟಣದ ಬಳಿ ಬೀಡುಬಿಟ್ಟಿದ್ದ ಬೊಂಬಾಯಿ ಸೇನೆಯನ್ನು ಸೇರಿಕೊಂಡ. ಬರೆದವರು ಶತ್ರುಪಕ್ಷದವರು ಎಂಬುದನ್ನು ನೆನಪಿನಲ್ಲಿಟ್ಟು ಓದಬೇಕು. ಆದರೆ ಮೂಗು ಕೊಯ್ಯುವುದು ಟಿಪ್ಪುವಿನಿಂದ ಆರಂಭವಾದದ್ದೂ ಅಲ್ಲ, ಒಂದೇ ಪಕ್ಷದವರ ಚಾಳಿಯೂ ಅಲ್ಲ. ಹದಿನೇಳನೆಯ ಶತಮಾನದ ನಡುವೆ, ಶ್ರೀರಂಗಪಟ್ಟಣ ಒಡೆಯರ ರಾಜಧಾನಿಯಾಗಿದ್ದಾಗ, ಮೈಸೂರಿನ ದಂಡು ಮದುರೆಯ ತಿರುಮಲ ನಾಯಕನ ಸೀಮೆಗೆ ನುಗ್ಗಿ ಶತ್ರುಗಳ ಮೂಗು ಕೊಯ್ದದ್ದನ್ನು ಅಲ್ಲಿದ್ದ ಜೆಸ್ವಿಟ್ ಪಾದ್ರಿಗಳು ಬರೆದಿಟ್ಟಿದ್ದಾರೆ. ಮದುರೆಯವರೂ ತಿರುಗಿ ಬಂದು ಅದನ್ನೇ ಮಾಡಿದರು. ಕೊಲ್ಲದೆ ಕೊಲ್ಲುವ ಶಿಕ್ಷೆ ಅದು. ಸತ್ತವನನ್ನು ಊರು ಮರೆಯುತ್ತದೆ, ಮೂಗಿಲ್ಲದವನು ದಿನವೂ ಊರಿನ ಕಣ್ಣೆದುರು ಓಡಾಡಬೇಕು.

ಸುಮಾರು ಹನ್ನೆರಡು ತಿಂಗಳು ಹಾಗೆಯೇ ಇದ್ದ ಕಾವಸ್‌ಜಿಗೆ ಮೂಗು ಮರಳಿದ್ದು ಪುಣೆಯ ಸಮೀಪದಲ್ಲಿ. ಶಸ್ತ್ರವೈದ್ಯ ಇಟ್ಟಿಗೆ ಮಾಡುವ ಕುಲದವನು. ಅವನ ಹೆಸರು ಪತ್ರದಲ್ಲಿ ಇಲ್ಲ. ನೋಡುತ್ತ ನಿಂತಿದ್ದ ಇಬ್ಬರು ಇಂಗ್ಲಿಷ್ ವೈದ್ಯರಾದ ಥಾಮಸ್ ಕ್ರೂಸೊ ಮತ್ತು ಜೇಮ್ಸ್ ಫಿಂಡ್ಲೆ ಅವರ ಹೆಸರುಗಳು ಮಾತ್ರ ಉಳಿದುಕೊಂಡಿವೆ. ಇತಿಹಾಸ ಹೀಗೆಯೇ: ಕೆಲಸ ಮಾಡಿದವನಿಗಿಂತ ಬರೆದುಕೊಂಡವನಿಗೆ ಅದರ ಒಲವು ಹೆಚ್ಚು.

ಆ ಕೆಲಸದ ನಾಜೂಕನ್ನು ಹತ್ತಿರದಿಂದ ನೋಡಬೇಕು. ಮೊದಲು ತೆಳುವಾದ ಮೇಣದ ತಗಡನ್ನು ಮೂಗಿನ ಮೋಟಿನ ಮೇಲಿಟ್ಟು ಒಳ್ಳೆಯ ಮೂಗಿನ ಆಕಾರಕ್ಕೆ ತಿದ್ದಿದ. ಅದನ್ನು ಬಿಡಿಸಿ ಚಪ್ಪಟೆ ಮಾಡಿ ಹಣೆಯ ಮೇಲೆ ಹರಡಿ ಸುತ್ತ ಗೆರೆ ಎಳೆದ. ಆ ಗೆರೆಯಗುಂಟ ಹಣೆಯ ಚರ್ಮವನ್ನು ಬಿಡಿಸಿದ, ಆದರೆ ಎರಡು ಹುಬ್ಬುಗಳ ನಡುವೆ ಒಂದು ಸಣ್ಣ ಪಟ್ಟಿಯನ್ನು ಕಡಿಯದೆ ಉಳಿಸಿಕೊಂಡ. ಇಡೀ ವಿದ್ಯೆಯ ಗುಟ್ಟು ಈ ಪಟ್ಟಿ. ಅದರೊಳಗೆ ಹರಿಯುವ ರಕ್ತನಾಳವೇ ಎತ್ತಿದ ಚರ್ಮವನ್ನು ಜೀವಂತವಾಗಿಡುತ್ತದೆ. ಆಮೇಲೆ ಮೋಟಿನ ಅಂಚುಗಳನ್ನು ಹಸಿ ಮಾಡಿ, ಚರ್ಮವನ್ನು ಅರ್ಧ ಸುತ್ತು ತಿರುಚಿ ಕೆಳಗಿಳಿಸಿ, ಗಾಯದ ಸೀಳಿನೊಳಗೆ ಅದರ ಅಂಚನ್ನು ಸೇರಿಸಿದ. ನೀರಿನಲ್ಲಿ ಮೆದುವಾದ ಕಾಚನ್ನು ಬಟ್ಟೆಯ ಚೂರುಗಳಿಗೆ ಬಳಿದು ಒಂದರ ಮೇಲೊಂದು ಐದಾರು ಪದರ ಅಂಟಿಸಿದ. ನಾಲ್ಕು ದಿನ ಅದೇ ಕಟ್ಟು, ಬಳಿಕ ತುಪ್ಪದಲ್ಲಿ ಅದ್ದಿದ ಬಟ್ಟೆ. ಹತ್ತನೆಯ ದಿನ ಹೊಳ್ಳೆ ಮುಚ್ಚದಂತೆ ಮೆತ್ತನೆಯ ಬಟ್ಟೆಯ ತುಣುಕು. ಸುಮಾರು ಇಪ್ಪತ್ತೈದನೆಯ ದಿನ, ಹೊಸ ಜಾಗದ ರಕ್ತ ಹರಿಯತೊಡಗಿದ ಮೇಲೆ, ಆ ಪಟ್ಟಿಯನ್ನು ಕಡಿದ. ಇದೆಲ್ಲ ನಡೆದದ್ದು ಅರಿವಳಿಕೆ ಬರುವುದಕ್ಕೆ ಅರ್ಧ ಶತಮಾನಕ್ಕೂ ಮುಂಚೆ.

ಈ ವಿದ್ಯೆಯ ಬೇರು ಸುಶ್ರುತ ಸಂಹಿತೆಯಲ್ಲಿದೆ. ಅದರ ಸೂತ್ರಸ್ಥಾನದಲ್ಲಿ ಮೂಗಿನ ಅಳತೆಗೆ ಎಲೆಯನ್ನು ಕತ್ತರಿಸಿಕೊಂಡು ಕೆನ್ನೆಯಿಂದ ಚರ್ಮ ಎತ್ತುವ ಕ್ರಮ, ಉಸಿರಿಗಾಗಿ ಎರಡು ನಳಿಗೆ ಇಡುವ ಸೂಚನೆ, ಯಷ್ಟಿಮಧು ಮೊದಲಾದವುಗಳ ಪುಡಿ ಉದುರಿಸಿ ಎಳ್ಳೆಣ್ಣೆ ಹನಿಸುವ ಉಪಚಾರ ಎಲ್ಲವೂ ಇವೆ. ಗ್ರಂಥದಲ್ಲಿ ಕೆನ್ನೆ, ಪುಣೆಯಲ್ಲಿ ಹಣೆ. ನಡುವಿನ ಶತಮಾನಗಳಲ್ಲಿ ಯಾರೋ ಅನುಭವಿ ಕೈಗಳು ಕೆನ್ನೆಯನ್ನು ಬಿಟ್ಟು ಹಣೆಯನ್ನು ಆರಿಸಿಕೊಂಡಿವೆ, ಆ ಆಯ್ಕೆ ಅಂಗರಚನೆಯ ದೃಷ್ಟಿಯಿಂದ ಅಪ್ರತಿಮವಾದದ್ದು. ಹಣೆಯ ಚರ್ಮದ ಬಣ್ಣವೂ ದಪ್ಪವೂ ಮೂಗಿಗೆ ಹೊಂದುವಷ್ಟು ಬೇರಾವುದೂ ಹೊಂದುವುದಿಲ್ಲ. ಲಂಡನ್ನಿನ ಜೋಸೆಫ್ ಕಾರ್ಪ್ಯೂ ಈ ವರದಿಯನ್ನು ಓದಿ, ಮೃತದೇಹಗಳ ಮೇಲೆ ಅಭ್ಯಾಸ ಮಾಡಿ, 1814ರಲ್ಲಿ ರೋಗಿಯ ಮೇಲೆ ಪ್ರಯೋಗಿಸಿ ಗೆದ್ದರು. 1816ರಲ್ಲಿ ಅವರ ಪುಸ್ತಕ ಹೊರಬಂತು. ಇಂದಿಗೂ ಚರ್ಮದ ಕ್ಯಾನ್ಸರಿನಿಂದ ಮೂಗು ಕಳೆದುಕೊಂಡವರಿಗೆ ಜಗತ್ತಿನ ಆಸ್ಪತ್ರೆಗಳು ಮಾಡುವುದು ಇದರ ಪರಿಷ್ಕೃತ ರೂಪವನ್ನೇ.

ಕಾವಸ್‌ಜಿಯ ಮೂಗಿನಲ್ಲಿ ಎಲ್ಲವೂ ಅವನದೇ ಆಗಿತ್ತು. ಬೇರೊಬ್ಬರ ಚರ್ಮವನ್ನು ಯಾಕೆ ಬಳಸಲಿಲ್ಲ? ಬಳಸಿದ್ದರೆ ನಿಲ್ಲುತ್ತಿರಲಿಲ್ಲ. ತೋಳಿನ ಚರ್ಮದಿಂದ ಮೂಗು ಕಟ್ಟುತ್ತಿದ್ದ ಬೊಲೋನ್ಯಾದ ಟಾಲಿಯಕೊಟ್ಸಿ 1597ರ ತಮ್ಮ ಗ್ರಂಥದಲ್ಲಿಯೇ ಪ್ರತಿ ಮನುಷ್ಯನ ದೇಹಕ್ಕೂ ತನ್ನದೇ ವೈಶಿಷ್ಟ್ಯವಿದೆ, ಆದ್ದರಿಂದ ಪರರ ಚರ್ಮದ ಆಸೆ ಬೇಡ ಎಂದಿದ್ದರು. ಕಾರಣ ತಿಳಿದದ್ದು ಎರಡನೆಯ ಮಹಾಯುದ್ಧದ ಹೊತ್ತಿಗೆ. ಗ್ಲಾಸ್ಗೋದಲ್ಲಿ ಸುಟ್ಟಗಾಯದ ಮಹಿಳೆಯೊಬ್ಬರಿಗೆ ಸೋದರನ ಚರ್ಮ ಹಾಕಿದಾಗ ಅದು ಉದುರಿತು. ಎರಡನೆಯ ಸಲ ಹಾಕಿದಾಗ ಇನ್ನೂ ಬೇಗ ಉದುರಿತು. ಪೀಟರ್ ಮೆಡವಾರ್ 1943ರಲ್ಲಿ ಇದನ್ನು ಗುರುತಿಸಿ, ದೇಹ ಪರರ ಅಂಗಾಂಶವನ್ನು ನೆನಪಿಟ್ಟುಕೊಂಡು ಹೊರಹಾಕುತ್ತದೆ ಎಂದು ತೋರಿಸಿದರು. 1960ರ ನೊಬೆಲ್ ಅವರಿಗೆ ಬಂತು. ಸುಟ್ಟ ಸೈನಿಕರ ಮುಖಗಳಿಗೆ ಚರ್ಮ ಹಾಕುತ್ತಿದ್ದ ಅಮೆರಿಕದ ಪ್ಲಾಸ್ಟಿಕ್ ಸರ್ಜನ್ ಜೋಸೆಫ್ ಮರ್ರಿ ಅದೇ ಪ್ರಶ್ನೆಯ ಬೆನ್ನು ಹತ್ತಿ, 1954ರಲ್ಲಿ ಬಾಸ್ಟನ್‌ನಲ್ಲಿ ಅವಳಿ ಸೋದರರ ನಡುವೆ ಜಗತ್ತಿನ ಮೊದಲ ಯಶಸ್ವಿ ಕಿಡ್ನಿ ಕಸಿ ಮಾಡಿದರು. ಒಂದು ದೃಷ್ಟಿಯಿಂದ ಅಂಗಾಂಗ ಕಸಿಯ ಸಕಲ ವೈಭವವೂ ಸುಟ್ಟ ಮುಖಗಳ ಮುಂದೆ ಕುಳಿತ ವೈದ್ಯರ ಯೋಚನೆಯಿಂದ ಹುಟ್ಟಿದ್ದು.

ಆ ಯೋಚನೆ ತಿರುಗಿ ಮುಖಕ್ಕೆ ಬರಲು ಅರ್ಧ ಶತಮಾನ ಹಿಡಿಯಿತು. 2005ರ ನವೆಂಬರ್ 27ರಂದು ಫ್ರಾನ್ಸಿನ ಅಮಿಯೆನ್ಸ್ ನಗರದಲ್ಲಿ ಬರ್ನಾರ್ಡ್ ದವೊಶೆಲ್ ಮತ್ತು ಜಾನ್ ಮಿಷೆಲ್ ದ್ಯುಬರ್ನಾರ್ ಅವರ ತಂಡ, ನಾಯಿ ಕಚ್ಚಿ ಮೂಗು, ತುಟಿ, ಗಲ್ಲ ಕಳೆದುಕೊಂಡಿದ್ದ ಇಸಾಬೆಲ್ ದಿನ್ವಾರ್ ಎಂಬ 38 ವರ್ಷದ ಮಹಿಳೆಗೆ ಮೃತ ದಾನಿಯ ಮುಖಭಾಗವನ್ನು ಜೋಡಿಸಿತು. 2010ರಲ್ಲಿ ಸ್ಪೇನಿನ ಬಾರ್ಸಿಲೋನಾದಲ್ಲಿ ಪೂರ್ಣ ಮುಖದ ಕಸಿಯಾಯಿತು. 2023ರಲ್ಲಿ ನ್ಯೂಯಾರ್ಕಿನಲ್ಲಿ ವಿದ್ಯುತ್ ಆಘಾತದಿಂದ ಮುಖ ಕಳೆದುಕೊಂಡವರಿಗೆ ಮುಖದೊಡನೆ ಇಡೀ ಕಣ್ಣನ್ನೂ ಕಸಿ ಮಾಡಿದರು: 21 ಗಂಟೆಯ ಕೆಲಸ, 140ಕ್ಕೂ ಹೆಚ್ಚು ಮಂದಿಯ ತಂಡ. ಕಣ್ಣು ಜೀವಂತವಾಗಿ ಉಳಿದಿದೆ, ದೃಷ್ಟಿ ಮಾತ್ರ ಬಂದಿಲ್ಲ. ಇಲ್ಲಿ ಒಂದು ಸಾಮಾನ್ಯ ಭಯವನ್ನು ಕಳೆಯಬೇಕು. ಕಸಿಯಾದವರು ದಾನಿಯ ಹಾಗೆ ಕಾಣುವುದಿಲ್ಲ, ತಮ್ಮ ಹಳೆಯ ರೂಪಕ್ಕೂ ಮರಳುವುದಿಲ್ಲ. ಚರ್ಮ ಒಬ್ಬರದು, ಅದರಡಿಯ ಮೂಳೆಯ ಕಟ್ಟು ಬಹುತೇಕ ಇನ್ನೊಬ್ಬರದು; ಕಾಣುವುದು ಮೂರನೆಯ ಮುಖ.

ಇಷ್ಟು ಕಷ್ಟಪಟ್ಟು ಗಳಿಸುವುದೇನು? ಸೌಂದರ್ಯವೆಂದು ಊಹಿಸುವವರೇ ಹೆಚ್ಚು. ವೈದ್ಯರು ಮೊದಲು ನೋಡುವುದು ತುಟಿ ಮತ್ತು ರೆಪ್ಪೆ. ಹಣೆಯಿಂದ, ತೊಡೆಯಿಂದ, ಮುಂಗೈಯಿಂದ ಚರ್ಮ ತಂದು ಮೂಗನ್ನು ಕಟ್ಟಬಹುದು, ಕೆನ್ನೆ ತುಂಬಬಹುದು. ಆದರೆ ಬಾಯಿಯ ಸುತ್ತಲೂ ಕಣ್ಣಿನ ಸುತ್ತಲೂ ಉಂಗುರದಂತೆ ಹಬ್ಬಿ, ಮುಚ್ಚುತ್ತ ತೆರೆಯುತ್ತ ಇರುವ ಸ್ನಾಯುಗಳಿಗೆ ದೇಹದಲ್ಲಿ ಬೇರೆಲ್ಲೂ ಬದಲಿ ಇಲ್ಲ. ರೆಪ್ಪೆ ಮುಚ್ಚದ ಕಣ್ಣು ಒಣಗಿ ಕುರುಡಾಗುತ್ತದೆ. ತುಟಿ ಕೂಡದವರ ಬಾಯಿಯಲ್ಲಿ ಜೊಲ್ಲು ನಿಲ್ಲದು. ಮುದ್ದೆಯನ್ನು ಹೇಗೋ ನುಂಗಿದರೂ ಸಾರು ಕೊರಳಿಗೆ ಸೋರುತ್ತದೆ. ಪ, ಬ, ಮ ಎಂಬ ಓಷ್ಠ್ಯಾಕ್ಷರಗಳು ಹುಟ್ಟುವುದೇ ಇಲ್ಲ. ಅಪ್ಪ ಇಲ್ಲ, ಅಮ್ಮ ಇಲ್ಲ. ಮಂಡ್ಯ, ಮೇಲುಕೋಟೆ, ಪಾಂಡವಪುರ, ಬೆಳ್ಳೂರು, ಹೀಗೆ ನಮ್ಮ ಸೀಮೆಯವರಾದರೆ ತಮ್ಮ ಊರಿನ ಹೆಸರನ್ನೇ ಹೇಳಲಾರರು. ಕಸಿಯಾದ ಮುಖದಲ್ಲಿ ಮೊದಲ ಕೆಲವು ತಿಂಗಳಲ್ಲಿ ಬಿಸಿ, ತಂಪು, ಸ್ಪರ್ಶ ಮರಳುತ್ತವೆ. ಚಲನೆ ನಿಧಾನ, ನರ ದಿನಕ್ಕೆ ಸುಮಾರು ಒಂದು ಮಿಲಿಮೀಟರಿನಂತೆ ಬೆಳೆಯುತ್ತ ಸ್ನಾಯುವನ್ನು ತಲುಪಬೇಕು. ತುಟಿಯ ವ್ಯಾಯಾಮ, ಮಾತಿನ ತರಬೇತಿ ವರ್ಷಗಟ್ಟಲೆ ನಡೆಯುತ್ತದೆ. ಕೊರಳಿನ ಉಸಿರಾಟದ ನಳಿಗೆ, ಹೊಟ್ಟೆಯ ಆಹಾರದ ನಳಿಗೆ ತೆಗೆಸಿಕೊಂಡು ಊಟದ ಸಾಲಿನಲ್ಲಿ ಕುಳಿತವರಿದ್ದಾರೆ. ಇದನ್ನು ವೈದ್ಯಕೀಯದ ಅತ್ಯುನ್ನತ ಸಾಧನೆಗಳಲ್ಲಿ ಒಂದೆಂದು ಕರೆಯಲು ನನಗೆ ಸಂಕೋಚವಿಲ್ಲ.

ಸಂಕೋಚ ಬರುವುದು ಹತ್ತು ವರ್ಷದ ಲೆಕ್ಕ ಹಾಕಿದಾಗ. ಮೈಯ ಕಾವಲು ಹೆಚ್ಚು ಎಚ್ಚರವಾಗಿರುವುದು ಚರ್ಮದಲ್ಲೇ. ಕಿಡ್ನಿಗಿಂತ ಯಕೃತ್ತಿಗಿಂತ ಪರರ ಚರ್ಮವನ್ನು ದೇಹ ಜೋರಾಗಿ ವಿರೋಧಿಸುತ್ತದೆ. ಹಾಗಾಗಿ ಟಾಕ್ರೋಲಿಮಸ್, ಮೈಕೊಫಿನೋಲೇಟ್, ಸ್ಟೀರಾಯ್ಡ್ ಎಂಬ ಮೂರು ಬಗೆಯ ಮಾತ್ರೆಗಳು ಸಾಮಾನ್ಯವಾಗಿ ಜೀವನಪರ್ಯಂತ. ಟಾಕ್ರೋಲಿಮಸ್ ಜಪಾನಿನ ತ್ಸುಕುಬಾ ಬೆಟ್ಟದ ಬುಡದ ಮಣ್ಣಿನ ಸೂಕ್ಷ್ಮಜೀವಿಯಿಂದ 1984ರಲ್ಲಿ ದೊರೆತ ವರ. ಅದೇ ವರ ಕಿಡ್ನಿಯನ್ನು ಸವೆಸುತ್ತದೆ, ಸಕ್ಕರೆ ಕಾಯಿಲೆ ತರುತ್ತದೆ, ಬಿಪಿ ಏರಿಸುತ್ತದೆ. ಕಾವಲು ತಗ್ಗಿದ ದೇಹದೊಳಗೆ ಕ್ಷಯ, ಶಿಲೀಂಧ್ರ, ವೈರಸ್‌ಗಳಿಗೆ ದಾರಿ ಸುಲಭ. ಕ್ಯಾನ್ಸರಿನ ಸಂಭವವೂ ಹೆಚ್ಚು. ಮಾತ್ರೆ ನುಂಗುತ್ತಿದ್ದರೂ ಮುಖ ಕೆಂಪಾಗಿ ಊದಿಕೊಳ್ಳುವ ತಿರಸ್ಕಾರದ ಸರದಿಗಳು ಬಹುತೇಕ ಎಲ್ಲರಿಗೂ ಬಂದಿವೆ. ಒಂದೇ ಸಮಾಧಾನ, ಒಳಗಿನ ಕಿಡ್ನಿಯ ತಿರಸ್ಕಾರ ರಕ್ತಪರೀಕ್ಷೆಯಲ್ಲಿ ತಿಳಿಯಬೇಕು, ಮುಖದ್ದು ಕನ್ನಡಿಯಲ್ಲೇ ಕಾಣುತ್ತದೆ.

ಇಸಾಬೆಲ್ ದಿನ್ವಾರ್ ಹತ್ತು ವರ್ಷಕ್ಕೂ ಮೀರಿ ಬದುಕಿದರು. 2015ರಲ್ಲಿ ತಿರಸ್ಕಾರ ಮರುಕಳಿಸಿ ತುಟಿಯ ಚಲನೆಯನ್ನು ಭಾಗಶಃ ಕಳೆದುಕೊಂಡರು, 2016ರ ಏಪ್ರಿಲ್‌ನಲ್ಲಿ ಕ್ಯಾನ್ಸರಿನಿಂದ ತೀರಿಕೊಂಡರು. 2024ರಲ್ಲಿ ಪ್ರಕಟವಾದ ಸಮಗ್ರ ಅಧ್ಯಯನವೊಂದು ಹನ್ನೊಂದು ದೇಶಗಳ 48 ಮಂದಿಯ 50 ಮುಖ ಕಸಿಗಳನ್ನು ಪರಿಶೀಲಿಸಿತು. ಐದು ವರ್ಷಕ್ಕೆ ಕಸಿಮುಖ ಉಳಿದ ಪ್ರಮಾಣ ಶೇ. 85, ಹತ್ತು ವರ್ಷಕ್ಕೆ ಶೇ. 74. ಇಷ್ಟು ಹೊಸ ಶಸ್ತ್ರಕ್ರಿಯೆಗೆ ಇದು ಹೆಮ್ಮೆಯ ಅಂಕಿ. ಆದರೆ ಮುಖ ಕಸಿ ಕೇಳುವವರಲ್ಲಿ ಅನೇಕರು ಯುವಕರು. ಇಪ್ಪತ್ತೈದರಲ್ಲಿ ಪಡೆದ ಮುಖ ನಲವತ್ತರಲ್ಲಿ ಸೋತರೆ? ಪ್ಯಾರಿಸ್‌ನಲ್ಲಿ 2010ರಲ್ಲಿ ಕಸಿ ಪಡೆದವರೊಬ್ಬರು, ಆ ಮುಖ ಸೋತಾಗ ಅದನ್ನು ತೆಗೆಸಿಕೊಂಡು, ವಾರಗಟ್ಟಲೆ ಮುಖವೇ ಇಲ್ಲದೆ ಆಸ್ಪತ್ರೆಯಲ್ಲಿ ಕಾದು, 2018ರಲ್ಲಿ ಎರಡನೆಯ ಮುಖ ಪಡೆದರು. ಅಂದರೆ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕುವ ದಿನವೇ ಎರಡನೆಯ ಮುಖದ ಮಾತೂ ಆಗಿರಬೇಕು.

ನಮ್ಮ ಹಳ್ಳಿಗಾಡಿಗೆ ಹೆಚ್ಚು ಹತ್ತಿರದ ಪಾಠ ಚೀನಾದ್ದು. ಯುನ್ನಾನ್ ಪ್ರಾಂತದ ಗುಡ್ಡಗಾಡಿನ ರೈತರೊಬ್ಬರ ಮುಖವನ್ನು ಕರಡಿ ಕಿತ್ತಿತ್ತು. 2006ರ ಏಪ್ರಿಲ್‌ನಲ್ಲಿ ಶಿಯಾನ್ ನಗರದಲ್ಲಿ ಅವರಿಗೆ ಕಸಿಯಾಯಿತು. ಊರಿಗೆ ಮರಳಿದ ಮೇಲೆ, ದೊಡ್ಡ ಆಸ್ಪತ್ರೆಯಿಂದ ಬಹುದೂರದಲ್ಲಿ, ಮಾತ್ರೆ ಬಿಟ್ಟು ನಾಟಿ ಮದ್ದಿಗೆ ತಿರುಗಿದರು; 2008ರಲ್ಲಿ ತೀರಿಕೊಂಡರು. ಶಸ್ತ್ರಕ್ರಿಯೆ ಗೆದ್ದಿತ್ತು, ಸೋತದ್ದು ಊರಿಗೂ ಆಸ್ಪತ್ರೆಗೂ ನಡುವಿನ ದಾರಿ. ಕರಡಿ ದಾಳಿಗೆ ಮುಖ ಹರಿದುಕೊಂಡು ಬರುವವರು ಕರ್ನಾಟಕದಲ್ಲೂ ಇದ್ದಾರೆ. ಆ್ಯಸಿಡ್ ಎರಚಿಸಿಕೊಂಡ ಹೆಣ್ಣುಮಕ್ಕಳಿದ್ದಾರೆ, ಹೆಲ್ಮೆಟ್ ಇಲ್ಲದೆ ಹೆದ್ದಾರಿಯಲ್ಲಿ ಬಿದ್ದವರಿದ್ದಾರೆ. ಕೆ.ಆರ್. ಪೇಟೆಯ ಒಳಹಳ್ಳಿಯಿಂದ ಟಾಕ್ರೋಲಿಮಸ್ ಮಟ್ಟದ ರಕ್ತಪರೀಕ್ಷೆಗೆಂದು ಪದೇ ಪದೇ ಮೈಸೂರಿಗೋ ಬೆಂಗಳೂರಿಗೋ ಬಸ್ಸು ಹತ್ತುವುದು, ಗದ್ದೆಯ ಕೆಸರು, ಕೊಟ್ಟಿಗೆಯ ಗಂಜಲದ ನಡುವೆ ಸೋಂಕು ತಗಲದಂತೆ ಬಾಳುವುದು, ಇವು ಮುಖ ಕಸಿಯ ನಿಜವಾದ ಖರ್ಚು. ಶಸ್ತ್ರಚಿಕಿತ್ಸೆಯ ಬಿಲ್ ಒಂದು ಸಲದ್ದು.

ಕಾವಲು ತಗ್ಗಿದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕ 2021ರಲ್ಲಿ ಕಣ್ಣಾರೆ ಕಂಡಿದೆ. ಕೊರೊನಾದ ಎರಡನೆಯ ಅಲೆಯಲ್ಲಿ ಸಕ್ಕರೆ ಕಾಯಿಲೆಯವರಿಗೆ, ಹೆಚ್ಚು ಸ್ಟೀರಾಯ್ಡ್ ಪಡೆದವರಿಗೆ ಕಪ್ಪು ಶಿಲೀಂಧ್ರ ಹತ್ತಿ ರಾಜ್ಯದಲ್ಲಿ ಸಾವಿರಾರು ಮಂದಿ ನರಳಿದರು. ಎಷ್ಟೋ ಮಂದಿ ಮೇಲ್ದವಡೆಯನ್ನು, ಕಣ್ಣನ್ನು ಕಳೆದುಕೊಂಡರು. ಮುಖ ಕಸಿಯ ಮಾತ್ರೆಗಳೂ ದೇಹವನ್ನು ಇಂಥದೇ ಅಂಚಿಗೆ ತಂದು ನಿಲ್ಲಿಸುತ್ತವೆ. ಹೊಗೆಸೊಪ್ಪು, ಗುಟ್ಕಾದಿಂದ ಬಾಯಿ ಕ್ಯಾನ್ಸರ್ ಬಂದು ದವಡೆ ತೆಗೆಸಿಕೊಂಡವರು ನಮ್ಮಲ್ಲಿ ಬಹಳ. ಅವರಿಗಂತೂ ಈ ದಾರಿ ಮುಚ್ಚಿದೆಯೆಂದೇ ಹೇಳಬೇಕು, ಪ್ರತಿರಕ್ಷೆ ತಗ್ಗಿಸಿದರೆ ಕ್ಯಾನ್ಸರ್ ಮರಳುವ ಭಯ. ಅವರ ಪಾಲಿಗೆ ಕಾಲಿನ ಪಕ್ಕದ ಮೂಳೆಯನ್ನು ರಕ್ತನಾಳದ ಸಮೇತ ತಂದು ದವಡೆ ಕಟ್ಟುವ ಸೂಕ್ಷ್ಮ ಶಸ್ತ್ರಚಿಕಿತ್ಸೆಯಿದೆ, ಬೆಂಗಳೂರಿನಂಥ ಕಡೆ ಅದು ನಡೆಯುತ್ತಿದೆ. ತತ್ತ್ವ ಕಾವಸ್‌ಜಿಯದೇ: ಸ್ವಂತ ಅಂಗಾಂಶ, ಹರಿಯುವ ರಕ್ತ, ಮಾತ್ರೆಯ ಋಣವಿಲ್ಲ. ನಾಗಮಂಗಲ ತಾಲ್ಲೂಕಿನ ಬಿ.ಜಿ. ನಗರದಲ್ಲಿ 1986ರಿಂದ ಆದಿಚುಂಚನಗಿರಿ ವೈದ್ಯಕೀಯ ಕಾಲೇಜು ಇದೆ, ಮಂಡ್ಯದಲ್ಲಿ ಸರ್ಕಾರಿ ವೈದ್ಯಕೀಯ ಸಂಸ್ಥೆಯಿದೆ. ಇಂಥ ಜಿಲ್ಲಾ ಮಟ್ಟದ ಆಸ್ಪತ್ರೆಗಳಲ್ಲಿ ಪ್ಲಾಸ್ಟಿಕ್ ಸರ್ಜರಿ ವಿಭಾಗ ಬಲಗೊಂಡರೆ ನೂರು ಮುಖಗಳಲ್ಲಿ ಬಹುಪಾಲು ಅಲ್ಲೇ ಸರಿಯಾದಾವು ಎಂಬುದು ನನ್ನ ಅಭಿಪ್ರಾಯ. ಕಸಿಯನ್ನು ತುಟಿ, ರೆಪ್ಪೆ ಎರಡೂ ಹೋದ ಬೆರಳೆಣಿಕೆಯವರಿಗೆ ಮೀಸಲಿಡಬೇಕು.

ಭಾರತಕ್ಕೆ ಕೈಚಳಕದ ಕೊರತೆಯಿಲ್ಲ. 1994ರಲ್ಲೇ ಲೂಧಿಯಾನದ ಕ್ರಿಶ್ಚಿಯನ್ ವೈದ್ಯಕೀಯ ಕಾಲೇಜಿನಲ್ಲಿ ಡಾ. ಅಬ್ರಹಾಂ ಥಾಮಸ್, ಒಕ್ಕಣೆ ಯಂತ್ರಕ್ಕೆ ಸಿಕ್ಕಿ ಕಿತ್ತುಬಂದಿದ್ದ ಬಾಲಕಿಯ ಮುಖವನ್ನೂ ನೆತ್ತಿಯನ್ನೂ ಅವಳಿಗೇ ಮರಳಿ ಜೋಡಿಸಿದ್ದರು. 2015ರಲ್ಲಿ ಕೊಚ್ಚಿಯ ಅಮೃತಾ ಆಸ್ಪತ್ರೆಯಲ್ಲಿ ದೇಶದ ಮೊದಲ ಜೋಡಿ ಕೈ ಕಸಿಯಾಯಿತು. ಅದೂ ಚರ್ಮ, ಸ್ನಾಯು, ಮೂಳೆ, ನರ ಎಲ್ಲ ಕೂಡಿದ ಮುಖದಂಥದೇ ಸಂಯುಕ್ತ ಕಸಿ. ಆದರೂ 2024ರ ಅಧ್ಯಯನದ ಆ ಹನ್ನೊಂದು ದೇಶಗಳ ಪಟ್ಟಿಯಲ್ಲಿ ಭಾರತ ಇರಲಿಲ್ಲ. ಮೊದಲ ತೊಡಕು ದಾನಿಯದು. ಮಿದುಳು ನಿಷ್ಕ್ರಿಯರಾದವರ ಅಂಗದಾನಕ್ಕೆ 1994ರ ಕಾಯ್ದೆಯಿದೆ, ರಾಜ್ಯದಲ್ಲಿ ‘ಜೀವಸಾರ್ಥಕತೆ’ ಸಂಸ್ಥೆಯಿದೆ. 2021ರ ಜೂನ್‌ನಲ್ಲಿ ಬೈಕ್ ಅಪಘಾತಕ್ಕೀಡಾದ ನಟ ಸಂಚಾರಿ ವಿಜಯ್ ಅವರ ಕುಟುಂಬ ಅಂಗಾಂಗ ದಾನ ಮಾಡಿತು. ಅದೇ ವರ್ಷ ಪುನೀತ್ ರಾಜ್‌ಕುಮಾರ್ ಅವರ ನೇತ್ರದಾನದ ನಂತರ ಹಳ್ಳಿಹಳ್ಳಿಯಲ್ಲಿ ಕಣ್ಣು ಬರೆದುಕೊಟ್ಟವರ ಸಾಲು ಬೆಳೆಯಿತು. ಕಿಡ್ನಿ, ಹೃದಯ ಕೊಟ್ಟ ದೇಹ ಮನೆಗೆ ಬಂದರೆ ನೋಡಿದವರಿಗೆ ವ್ಯತ್ಯಾಸ ತಿಳಿಯದು. ಮುಖದ ಮಾತು ಬೇರೆ. ನಮ್ಮ ಕಡೆ ಸಾವಿನ ಮನೆಗೆ ಬರುವವರೆಲ್ಲ ಬರುವುದೇ ಕೊನೆಯ ಸಲ ಮುಖ ನೋಡಲು. ಮಗಳು ಬೆಂಗಳೂರಿನಿಂದ ಬರುವ ತನಕ ಹೆಣ ಎತ್ತುವುದಿಲ್ಲ. ಮುಖ ದಾನ ಪಡೆಯುವ ತಂಡಗಳು ದಾನಿಯ ಮುಖದ ಅಚ್ಚು ತೆಗೆದು, ಅದೇ ಬಣ್ಣದ ಸಿಲಿಕೋನ್ ಮುಖವನ್ನು ಜೋಡಿಸಿ ದೇಹವನ್ನು ಬಂಧುಗಳಿಗೆ ಒಪ್ಪಿಸುತ್ತವೆ. ಎಷ್ಟೇ ಜಾಣ್ಮೆಯಿಂದ ಮಾಡಿದರೂ ಅದನ್ನು ಎದುರಿಗೆ ಕುಳಿತ ತಾಯಿಗೆ ಮೊದಲೇ ಬಿಡಿಸಿ ಹೇಳಬೇಕಾಗುತ್ತದೆ. ಕಣ್ಣಿಗೂ ಕಿಡ್ನಿಗೂ ಕೊಟ್ಟ ಸಹಿಯೊಳಗೆ ಮುಖವನ್ನು ಸೇರಿಸಿಕೊಳ್ಳುವಂತಿಲ್ಲ. ಅದಕ್ಕೆ ಪ್ರತ್ಯೇಕವಾಗಿಯೇ ಕೇಳಬೇಕು. ಶಸ್ತ್ರಚಿಕಿತ್ಸೆಯ ಕೊಠಡಿ ಸಜ್ಜುಮಾಡುವ ಮುಂಚೆ, ಐಸಿಯು ಹೊರಗಿನ ಬೆಂಚಿನಲ್ಲಿ ಕುಳಿತವರ ಬಳಿ ಹೋಗಿ ಈ ಮಾತನ್ನು ಕನ್ನಡದಲ್ಲಿ, ಅವರ ಆಡುಮಾತಿನಲ್ಲಿ ಎತ್ತಬಲ್ಲ ಆಪ್ತ ಸಮಾಲೋಚಕರನ್ನು ತಯಾರು ಮಾಡುವುದು ಆಸ್ಪತ್ರೆಗಳ ಮೊದಲ ಕೆಲಸವಾಗಬೇಕು.